ಅಟ್ಟದ ಮೇಲಿನ ಧಾರವಾಡ

ಬನವಾಸಿ ಹತ್ತಿರದ ಆ ಊರಿನವರ ಪಾಲಿಗೆ ಚಂದ್ರಶೇಖರಪ್ಪನವರ ಮಗ ಪವನ್ ಧಾರವಾಡದಲ್ಲಿ ಓದುತ್ತಿದ್ದ. ನಿಜ ಹೇಳಬೇಕೆಂದರೆ ಅವನು ತನ್ನ ಮನೆಯ ಅಟ್ಟದ ಮೇಲೆ, ಹಿತ್ತಾಳೆ ಹಂಡೆಗೆ ಬೆನ್ನು ಕೊಟ್ಟು, ಶೇಂಗಾ ತಿನ್ನುತ್ತಿದ್ದ.

ಇದು ಯಾರೂ ಕೂತು ಯೋಚಿಸಿ ಹೂಡಿದ ಆಟವಲ್ಲ. ಡಿಗ್ರಿ ಮುಗಿಸಿದ ಪವನ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ತಯಾರಾಗಲು ಧಾರವಾಡಕ್ಕೆ ಹೋಗಿದ್ದು ಹೌದು. ಪರೀಕ್ಷೆ ಒಮ್ಮೆ ಮುಂದಕ್ಕೆ ಹೋಯಿತು, ಕೊನೆಗೆ ಬರೆದಾಗ ಇವನೇ ಹಿಂದೆ ಉಳಿದ. ರೂಮಿನ ಗೆಳೆಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ ಮೇಲೆ ಒಂದು ಮಧ್ಯಾಹ್ನ ಚೀಲ ಹೊತ್ತು ಊರಿಗೆ ಬಂದ. ಅದೇ ವಾರ ಹಿಟ್ಟಿನ ಗಿರಣಿಯಲ್ಲಿ ಯಾರೋ ಕೇಳಿದ್ದಕ್ಕೆ ತಾಯಿ ಮಹೇಶ್ವರಿ, "ಧಾರವಾಡದಾಗ ಅದಾನ್ರಿ, ಓದಾಕತ್ತಾನ" ಎಂದುಬಿಟ್ಟಳು. ಮಾತು ಊರು ಸುತ್ತಿ ಮನೆ ಬಾಗಿಲಿಗೆ ಬಂದಾಗ, ಅಂಗಳಕ್ಕಿಳಿಯಲು ಹೊರಟಿದ್ದ ಪವನ್ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದ. ಅಲ್ಲಿಂದ ನಿಯಮ ಗಟ್ಟಿಯಾಯಿತು. ಹೊರಗೆ ಯಾರದಾದರೂ ಕೆಮ್ಮು ಕೇಳಿದರೆ ಪವನ್ ಅಟ್ಟಕ್ಕೆ.

ಈ ಏರ್ಪಾಡಿನಿಂದ ಖುಷಿಯಾಗಿದ್ದವಳು ಅಜ್ಜಿ ಪಾರ್ವತವ್ವ ಒಬ್ಬಳೇ. ಮಾವಿನಕಾಯಿ ಕೊಯ್ಯುವ ದೋಟಿಯ ತುದಿಗೆ ಚೀಲ ಕಟ್ಟಿ, ಅದರಲ್ಲಿ ರೊಟ್ಟಿ, ಚಟ್ನಿಪುಡಿ, ಒಮ್ಮೊಮ್ಮೆ ಬಿಸಿ ಮಿರ್ಚಿ ಇಟ್ಟು ಮೇಲಕ್ಕೆ ಏರಿಸುತ್ತಿದ್ದಳು. "ಧಾರವಾಡಕ್ಕ ಪಾರ್ಸಲ್ ಬಂದೈತಿ, ತಗೋಪಾ" ಎಂದು ಪಿಸುಗುಟ್ಟಿ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಪವನ್‌ಗೆ ಅಷ್ಟು ನಗು ಬರುತ್ತಿರಲಿಲ್ಲ. ಗೆಳೆಯರ ಫೋನು ಬಂದರೆ ಎತ್ತುವುದನ್ನು ಬಿಟ್ಟಿದ್ದ. ಅವರ ಮದುವೆಯ ಆಮಂತ್ರಣ ಮೊಬೈಲಿಗೆ ಬಂದರೆ ಒಂದು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದ. ಹೋದರೆ ಎಲ್ಲರೂ ಕೇಳುವುದು ಒಂದೇ ಮಾತು: ಈಗ ಏನ್ ಮಾಡಾಕತ್ತೀ? ಅದಕ್ಕೆ ಉತ್ತರವಿಲ್ಲದವನಿಗೆ ಊಟದ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಆದರೂ ಅವನಿಗೆ ಹಾಗೆ ಅನ್ನಿಸಿಹೋಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಚಂದ್ರಶೇಖರಪ್ಪನವರ ತಂಗಿ, ಹಾವೇರಿಯ ಪರಿಮಳಾ, ಹಾನಗಲ್ಲಿನ ದಂಪತಿಯನ್ನು ಕರೆದುಕೊಂಡು ಹೇಳದೆ ಕೇಳದೆ ಕಾರಿನಲ್ಲಿ ಬಂದಿಳಿದಳು. ಆ ದಂಪತಿಗೆ ಮದುವೆಗೆ ಬಂದ ಮಗಳಿದ್ದಳು. ಕಾರಿನ ಬಾಗಿಲು ಬಡಿದ ಸದ್ದಿಗೇ ಪವನ್ ತಿನ್ನುತ್ತಿದ್ದ ಉಪ್ಪಿಟ್ಟಿನ ತಾಟಿನ ಸಮೇತ ಏಣಿ ಹತ್ತಿದ.

ಕೆಳಗೆ ಅವನ ಗುಣಗಾನ ಶುರುವಾಯಿತು.

"ನಸುಕಿನ್ಯಾಗ ನಾಕಕ್ಕ ಏಳ್ತಾನ್ರಿ" ಎಂದರು ಚಂದ್ರಶೇಖರಪ್ಪ.

"ಮೊಬೈಲ್ ಅಂತೂ ಮುಟ್ಟಂಗೇ ಇಲ್ಲ" ಎಂದಳು ಮಹೇಶ್ವರಿ.

ಮೇಲೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ ಪವನ್, ಈ ಹುಡುಗ ಯಾರೋ ಒಳ್ಳೆಯವನೇ ಇರಬೇಕು ಅಂದುಕೊಂಡ.

"ಬಾಯಿಲೆ ಯಾಕ ಹೇಳ್ತೀರಿ," ಎಂದಳು ಪರಿಮಳಾ, "ತಡೀರಿ, ಹುಡುಗನ ಮುಖಾನ ತೋರಸ್ತೀನಿ. ವಿಡಿಯೋ ಕಾಲ್ ಹಚ್ಚತೀನಿ."

ಪವನ್‌ನ ಮೊಬೈಲಿಗೆ ಕೋಳಿ ಕೂಗುವ ರಿಂಗ್‌ಟೋನ್ ಇತ್ತು. ಅಟ್ಟದ ಮೇಲೆ ಹುಂಜ ಗಟ್ಟಿಯಾಗಿ ಕೂಗಿತು.

"ನಮ್ಮ ಹುಂಜರಿ," ಎಂದಳು ಪಾರ್ವತವ್ವ ತಕ್ಷಣ, "ಅದಕ್ಕ ಅಟ್ಟದ ಮ್ಯಾಲ ಕುಂದ್ರೂ ಚಟ."

ಕೂಗು ನಿಲ್ಲಿಸುವ ಗಡಿಬಿಡಿಯಲ್ಲಿ ಪವನ್ ಒತ್ತಬಾರದ ಗುಂಡಿ ಒತ್ತಿದ. ಅತ್ತೆಯ ಮುಖ ಮೊಬೈಲಿನ ತುಂಬ ಬಂದು ಕೂತಿತು.

"ಎಲ್ಲಿದ್ದೀಯಪಾ ಪವನಾ?"

"ಲೈಬ್ರರ್ಯಾಗ, ಅತ್ತಿ," ಎಂದು ಅವನು ಪಿಸುಗುಟ್ಟಿದ.

"ಹಿಂದ ಹಂಡೆ ಕಾಣಾಕತ್ತೈತಲ್ಲೋ."

"ಕುಡಿಯೂ ನೀರಿಂದು. ಓದೋರಿಗೆ ನೀರಡಿಕಿ ಭಾಳ."

ಉತ್ತರ ಮೊಬೈಲಿನಿಂದಲೂ ಬಂತು, ನೆತ್ತಿಯ ಮೇಲಿನಿಂದಲೂ ಬಂತು. ಹಾನಗಲ್ಲಿನ ಹಿರಿಯರು ಮೆಲ್ಲಗೆ ತಲೆ ಎತ್ತಿದರು. ಅದನ್ನು ಹಲಗೆಯ ಸಂದಿನಿಂದ ಕಂಡ ಪವನ್ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನ ಹಲಗೆಗೆ ಗೆದ್ದಲು ಹಿಡಿದು ಎಷ್ಟು ಕಾಲವಾಗಿತ್ತೋ. ಅದು ಮುರಿದ ಸದ್ದಿನ ಜೊತೆಗೇ ಅವನ ಬಲಗಾಲು ಮೊಣಕಾಲಿನವರೆಗೆ ಕೆಳಗಿಳಿದು, ಪಡಸಾಲೆಯ ನಟ್ಟನಡುವೆ, ಚಹಾದ ತಟ್ಟೆಯ ಮೇಲೆ ನೇತಾಡಿತು.

ಕಾಲಿನ ಬೆರಳುಗಳು ಒಮ್ಮೆ ಮಡಚಿ ಬಿಚ್ಚಿಕೊಂಡವು.

"ಇದು ಯಾರ ಕಾಲ್ರಿ?" ಎಂದು ಹಾನಗಲ್ಲಿನವರು ಬಹಳ ಮರ್ಯಾದೆಯಿಂದ ಕೇಳಿದರು.

"ಧಾರವಾಡದ್ದು" ಎಂದಳು ಪಾರ್ವತವ್ವ.

ಪವನ್ ಕಾಲು ಮೇಲೆಳೆದುಕೊಂಡ. ಹಿಂದಿನ ಕಿಟಕಿಯಿಂದ ಹುಲ್ಲಿನ ಬಣವೆಯ ಮೇಲೆ ಹಾರಿದ, ಅಲ್ಲಿಂದ ಜಾರಿ ಬಾಳೆತೋಟಕ್ಕೆ ಬಿದ್ದ, ಎದ್ದು ಓಡಿದ. ಕೈಯಲ್ಲಿನ ಮೊಬೈಲಿನಿಂದ ಅತ್ತೆಯ ದನಿ ಇನ್ನೂ ಕೇಳುತ್ತಿತ್ತು. "ಪವನಾ, ಧಾರವಾಡದಾಗ ಇಷ್ಟ ಬಾಳಿ ಗಿಡ ಅದಾವೇನೋ?" ಅವನು ಅದನ್ನು ಆರಿಸಿದ. ರಸ್ತೆಗೆ ಬರುವುದಕ್ಕೂ ಶಿರಸಿ ಬಸ್ಸು ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು. ಬರಿಗಾಲಲ್ಲೇ ಹತ್ತಿದ.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅವನಿಗೆ ಹೋಗುವ ಜಾಗವೆಂಬುದು ಇರಲಿಲ್ಲ. ನಿಂತರೆ ಗುರುತಿನವರು ಸಿಗುತ್ತಾರೆ. ಎದುರಿಗೆ ಹೊರಡಲು ಗುರುಗುಡುತ್ತಿದ್ದ ಬಸ್ಸು ಯಾವುದೆಂದು ನೋಡದೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದಾಗ ಕತ್ತು ಚಾಚಿ ಮುಂದಿನ ಬೋರ್ಡು ಓದಿಕೊಂಡು, "ಯಲ್ಲಾಪುರ" ಎಂದ.

ಪಕ್ಕದ ಸಾಲಿನಲ್ಲಿ ಮಡಿಲ ಮೇಲೆ ಊಟದ ಡಬ್ಬಿ ಇಟ್ಟುಕೊಂಡಿದ್ದ ಹುಡುಗಿ ಅವನ ಪಾದ ನೋಡುತ್ತಿದ್ದಳು.

"ಚಪ್ಪಲಿ ಎಲ್ಲಿ ಬಿಟ್ರಿ?"

"ಧಾರವಾಡದಾಗ" ಎಂಬ ಮಾತು ಅಭ್ಯಾಸಬಲದಿಂದ ಹೊರಬಿತ್ತು.

ಅವಳು ನಕ್ಕಳು. "ನೀವೂ ಎಲ್ಲಿಗೂ ಹೋಗ್ತಾ ಇಲ್ಲ ಅಲ್ದಾ?"

"ನಿಮಗ ಹ್ಯಾಂಗ ಗೊತ್ತಾತು?"

"ಊರಿಗೆ ಹೋಪವ್ರು ಬೋರ್ಡು ನೋಡಿ ಊರು ಹೇಳೂದಿಲ್ಲ. ನಾನೂ ಮೊದಮೊದಲು ಹಂಗೇ ಮಾಡ್ತಿದ್ದೆ."

ಅವಳ ಹೆಸರು ಭೂಮಿಕಾ, ಸಿದ್ದಾಪುರದ ಕಡೆಯವಳು. ಅಪ್ಪ ಕೆರಿಯಪ್ಪ, ಅಮ್ಮ ಗಂಗೆ, ಮನೆಯಲ್ಲಿ ಗದ್ದೆ ಬೇಸಾಯ. ಶಿರಸಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಮಾಲೀಕ ಅಂಗಡಿ ಮುಚ್ಚಿ ಊರು ಬಿಟ್ಟ ದಿನ ಅದನ್ನು ಮನೆಯಲ್ಲಿ ಹೇಳಬೇಕೆಂದೇ ಹೋಗಿದ್ದಳು. ಜಗಲಿಯಲ್ಲಿ ಕೂತಿದ್ದ ನೆಂಟರಿಗೆ ಅಪ್ಪ, "ಬಂದ್ಲು ನೋಡಿ, ಆಫೀಸಿಂದ" ಎಂದ. ಹೇಳಲಾಗಲಿಲ್ಲ. ಮರುದಿನ ಅಮ್ಮ ಎಂದಿನಂತೆ ಡಬ್ಬಿ ಕಟ್ಟಿಕೊಟ್ಟಳು, ಇವಳು ಎಂದಿನಂತೆ ಹೊರಟಳು. ಹೋಗುತ್ತಲೇ ಇದ್ದಾಳೆ.

"ಹೆಂಗಸ್ರಿಗೆ ಟಿಕೆಟ್ಟು ಪುಕ್ಕಟೆ ಅಲ್ದಾ," ಎಂದಳು. "ಬೆಳಿಗ್ಗೆ ಯಲ್ಲಾಪುರ, ಮಧ್ಯಾಹ್ನ ಹುಲೇಕಲ್, ಬಿಸಿಲು ಜಾಸ್ತಿ ಇದ್ರೆ ವಾನಳ್ಳಿ. ಆಫೀಸು ಬಿಡೂ ಹೊತ್ತಿಗೆ ಸಿದ್ದಾಪುರ ಬಸ್ಸು ಹಿಡೀತೆ. ಈ ತಾಲೂಕಲ್ಲಿ ನನ್ನಷ್ಟು ಓಡಾಟ ಎಮ್ಮೆಲ್ಲೆಗೂ ಇಲ್ಲ."

ಪವನ್ ತನ್ನ ಕಥೆ ಹೇಳಿದ. ಕಾಲು ನೇತಾಡಿದ ಜಾಗಕ್ಕೆ ಬಂದಾಗ ಭೂಮಿಕಾ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿ ನಗತೊಡಗಿದಳು. ಅವಳು ನಗುವುದನ್ನು ನೋಡಿ ಪವನ್‌ಗೂ ತಡೆಯಲಾಗಲಿಲ್ಲ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು, "ಧಾರವಾಡದ್ದು" ಎನ್ನುವರು, ಮತ್ತೆ ಶುರು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಇನ್ನೊಬ್ಬರ ಜೊತೆ ಕೂತು ನಗದೆ ಎಷ್ಟು ಕಾಲವಾಗಿತ್ತೆಂದರೆ ಪವನ್‌ಗೆ ಪಕ್ಕೆಲುಬು ನೋಯಿತು.

ಬಸ್ಸು ಕಾಡಿನ ನಡುವೆ, ಮಂಚಿಕೇರಿ ಇನ್ನೂ ಮುಂದಿರುವಾಗ, ದೊಡ್ಡದೊಂದು ನಿಟ್ಟುಸಿರು ಬಿಟ್ಟು ನಿಂತಿತು. ಡ್ರೈವರ್ ಇಳಿದು ಕೆಳಗೆ ಬಗ್ಗಿ ನೋಡಿ, ಮೆಕ್ಯಾನಿಕ್ ಬರಬೇಕು ಎಂದ. ಜನ ಇಳಿದು ನೆರಳು ಹುಡುಕಿದರು. ಒಬ್ಬ ಮುದುಕಿ ಮಾತ್ರ ಬಸ್ಸಿನ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ, ಹಗ್ಗ ಬಿಗಿದ ಒಂದು ದೊಡ್ಡ ಮರದ ತೊಟ್ಟಿಲಿತ್ತು. ವೆಂಕಮ್ಮ ಎಂದು ಅವಳ ಹೆಸರು. ಮೊಮ್ಮಗಳ ಮಗುವಿಗೆ ಅಂದು ಹೆಸರಿಡುವುದಿತ್ತು. ಮನೆತನದ ಹಳೆಯ ತೊಟ್ಟಿಲನ್ನು ಶಿರಸಿಯ ಬಡಗಿಯಿಂದ ರಿಪೇರಿ ಮಾಡಿಸಿ ತರುತ್ತಿದ್ದಳು. ಮಗು ಅಲ್ಲಿ, ತೊಟ್ಟಿಲು ಇಲ್ಲಿ, ಮುಹೂರ್ತ ನಡುವೆ.

ವೆಂಕಮ್ಮ ಸುತ್ತ ನೋಡಿದಳು. ಅವಳ ಕಣ್ಣು ಪವನ್‌ನ ಮೇಲೆ ನಿಂತಿತು.

"ನೀ ಎಂತ ಮಾಡ್ತೆ ತಮಾ?"

ಅದೇ ಪ್ರಶ್ನೆ. ಬಸ್ಸಿನ ಅಷ್ಟೂ ಜನ ಬೇರೆ ಕೆಲಸವಿಲ್ಲದೆ ಅವನ ಬಾಯಿ ನೋಡುತ್ತಿದ್ದರು. ಪವನ್‌ಗೆ ಧಾರವಾಡ ನಾಲಿಗೆಯ ತುದಿಗೆ ಬಂತು. ಆದರೆ ಈಗಷ್ಟೇ ಅಷ್ಟು ನಕ್ಕಿದ್ದ ಬಾಯಿ ಅದನ್ನು ಹೇಳಲು ಒಪ್ಪಲಿಲ್ಲ.

"ಏನೂ ಮಾಡಂಗಿಲ್ರಿ" ಎಂದ.

"ಎಂತದೂ ಇಲ್ವಾ?"

"ಇಲ್ರಿ."

"ನೀನು, ತಂಗಿ?"

ಭೂಮಿಕಾ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಾನೂ ಎಂತದೂ ಮಾಡೂದಿಲ್ಲ ಅಮ್ಮಾ."

ವೆಂಕಮ್ಮನ ಮುಖ ಅರಳಿತು. "ದೇವ್ರು ದೊಡ್ಡವ. ಹಂಗಾರೆ ಆ ತುದಿ ನೀ ಹಿಡ್ಕ, ಈ ತುದಿ ನೀ ಹಿಡ್ಕ. ಊರು ಇಲ್ಲೇ, ಎರಡು ತಿರುವು."

ಎರಡು ತಿರುವು ಎಂದಿದ್ದು ಸುಳ್ಳು. ತೇಗದ ಆ ತೊಟ್ಟಿಲು ಎಷ್ಟು ಭಾರವಿತ್ತೆಂದರೆ, ಆ ಮನೆತನದ ಮಕ್ಕಳು ಆನೆಯ ಗಾತ್ರದವೇ ಇರಬೇಕು ಎಂದು ಭೂಮಿಕಾ ಹೇಳಿದಳು. ವೆಂಕಮ್ಮ ಮುಂದೆ ಮುಂದೆ, ಖಾಲಿ ಕೈ ಬೀಸುತ್ತ ನಡೆದಳು. ಅವಳ ಹಿಂದೆ ಬೆವರು ಸುರಿಸುತ್ತ ಒಬ್ಬ ಹುಡುಗ, ಒಬ್ಬಳು ಹುಡುಗಿ, ನಡುವೆ ತೊಟ್ಟಿಲು. ನೋಡಿದವರು ಏನು ತಿಳಿಯಬೇಕೋ ಅದನ್ನೇ ತಿಳಿದರು. ಬೈಕಿನಲ್ಲಿ ಹೋಗುವವರು ನಿಧಾನ ಮಾಡಿ ಕೇಳುತ್ತಿದ್ದರು, "ಎಂತ ಕೂಸು?"

"ಹೆಣ್ಣು" ಎನ್ನುತ್ತಿದ್ದಳು ಭೂಮಿಕಾ. ಮಗು ಹೆಣ್ಣೇ ಆದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಕೂಸು ಆರಾಮಾ?"

"ಆರಾಮು."

ಹಾಗೆ ನಿಂತವರಲ್ಲಿ ಶಿರಸಿಯ ಗೊಬ್ಬರದಂಗಡಿಯ ಮನೋಹರನೂ ಒಬ್ಬ. ಅವನು ಪವನ್‌ನನ್ನು ದಿಟ್ಟಿಸಿದ. "ನೀವು ಚಂದ್ರಶೇಖರಪ್ಪನವ್ರ ಮಗ ಅಲ್ವಾ? ಧಾರವಾಡದಲ್ಲಿ ಓದ್ತಿದ್ರಲ್ಲ." ತೊಟ್ಟಿಲು ನೋಡಿದ, ಭೂಮಿಕಾಳನ್ನು ನೋಡಿದ. "ಆಗಲಿ, ಆಗಲಿ. ಒಳ್ಳೇದಾಗಲಿ." ಪವನ್ ಬಾಯಿ ತೆರೆಯುವಷ್ಟರಲ್ಲಿ ಒಂದು ಫೋಟೋ ತೆಗೆದು ಹೊರಟೇಹೋದ. ಆ ಫೋಟೋ ರೈತರ ವಾಟ್ಸಾಪ್ ಗುಂಪಿಗೆ ಶುಭಾಶಯದೊಡನೆ ಹೋಯಿತು. ಅಲ್ಲಿಂದ ಇನ್ನೊಂದು ಗುಂಪು, ಅಲ್ಲಿಂದ ಮತ್ತೊಂದು. ಇವರು ಮುಂದಿನ ತಿರುವು ದಾಟುವ ಮೊದಲೇ ಅದು ಸಿದ್ದಾಪುರ ತಲುಪಿತ್ತು.

ಭೂಮಿಕಾಳ ಫೋನು ಬಡಿದುಕೊಂಡಿತು. ಗಂಗೆ.

"ಎಲ್ಲಿದ್ದೆ ನೀನು?"

"ಆಫೀಸಲ್ಲಿ, ಅಮ್ಮಾ."

"ಆಫೀಸಲ್ಲಿ ತೊಟ್ಟಿಲೆಂತಕ್ಕೆ?"

ಭೂಮಿಕಾ ತೊಟ್ಟಿಲನ್ನು ಅಲ್ಲೇ ರಸ್ತೆಬದಿ ಇಳಿಸಿದಳು. ಬಸ್ಸಿನಲ್ಲಿ ಅಷ್ಟು ಚುರುಕಾಗಿದ್ದ ಮಾತು ಈಗ ಒಂದೊಂದೇ ಆಗಿ ಬಂತು. ಸ್ಟುಡಿಯೋ ಮುಚ್ಚಿದ್ದು, ಹೇಳಲಾಗದ್ದು, ಬಸ್ಸು, ಎಲ್ಲ.

"ಹಂಗಾರೆ ದಿನಾ ಡಬ್ಬಿ ಎಲ್ಲಿ ಉಂಡೆ?" ಎಂದು ಕೇಳಿದಳು ಗಂಗೆ.

"ಬಸ್ಸಲ್ಲಿ."

"ಒಬ್ಳೇ?"

"ಒಬ್ಳೇ."

"ನಾನೂ ಮಧ್ಯಾಹ್ನ ಒಬ್ಳೇ ಉಣ್ತೆ. ನಾಳಿಂದ ಮನೇಲೇ ಉಣ್ಣು. ಅಪ್ಪಂಗೆ ನಾ ಹೇಳ್ತೆ."

ಭೂಮಿಕಾ ರಸ್ತೆಗೆ ಬೆನ್ನು ಮಾಡಿ ಸ್ವಲ್ಪ ಅತ್ತಳು. ವೆಂಕಮ್ಮ ಸೆರಗಿನ ತುದಿಯಿಂದ ಅವಳ ಮೂಗು ಒರೆಸಿದಳು, ತನ್ನ ಮೊಮ್ಮಗಳೋ ಎಂಬಂತೆ. ನಂತರ, "ನಡೀ, ಕೂಸು ನೆಲದ ಮೇಲೆ ಮಲಗೀತು" ಎಂದಳು.

ಹೆಸರಿಡುವ ಮನೆಯ ಚಪ್ಪರದಲ್ಲಿ ಜನ ತುಂಬಿದ್ದರು. ತೊಟ್ಟಿಲು ಬಂದಿತೆಂದು ಹೆಂಗಸರು ಎದ್ದು ನಿಂತರು. ವೆಂಕಮ್ಮ ಇಬ್ಬರನ್ನೂ ಎಲ್ಲರ ಮುಂದೆ ನಿಲ್ಲಿಸಿ, "ಇವ್ರು ಎಂತದೂ ಮಾಡೂದಿಲ್ಲ. ಅದ್ಕೇ ಕರ್ಕಂಡ್ ಬಂದೆ" ಎಂದು ಪರಿಚಯ ಮಾಡಿಸಿದಳು. ಯಾರೂ ಮುಖ ಸಿಂಡರಿಸಲಿಲ್ಲ. "ಅಡ್ಡಿಲ್ಲ, ಬಡಿಸೂಕೆ ಜನ ಸಾಲ್ದೇ ಇತ್ತು" ಎಂದು ಒಬ್ಬಾತ ಪವನ್‌ನ ಕೈಗೆ ಪಾಯಸದ ಬಕೆಟ್ ಕೊಟ್ಟ. ತೊಟ್ಟಿಲು ತೂಗುವವರು ಉಣ್ಣಲು ಹೋದಾಗ ಬಕೆಟ್ ಇಳಿಸಿ ಹಗ್ಗ ಹಿಡಿ ಎಂದರು. ಹಿಡಿದ.

ಚಂದ್ರಶೇಖರಪ್ಪ ಕಂಡಿದ್ದು ಆ ದೃಶ್ಯವನ್ನು. ಮಗನನ್ನು ಹುಡುಕಿಕೊಂಡು ಪರಿಮಳಾಳ ಕಾರಿನಲ್ಲಿ ಶಿರಸಿಯವರೆಗೆ ಬಂದಿದ್ದವರಿಗೆ ಅಲ್ಲಿ ಫೋಟೋ ಸಿಕ್ಕಿತ್ತು. ಮಂಚಿಕೇರಿ ದಾರಿಯಲ್ಲಿ ಕೆಟ್ಟು ನಿಂತಿದ್ದ ಬಸ್ಸಿನ ಜನ, ತೊಟ್ಟಿಲು ಹೋದ ಮನೆಗೆ ಬೆರಳು ತೋರಿಸಿದ್ದರು. ಈಗ ಚಪ್ಪರದ ಬಾಯಲ್ಲಿ ನಿಂತು ನೋಡಿದರೆ ಮಗ ತೊಟ್ಟಿಲು ತೂಗುತ್ತಿದ್ದಾನೆ, ತೊಟ್ಟಿಲಲ್ಲಿ ಮಗು ಇದೆ, ಪಕ್ಕದಲ್ಲಿ ಹುಡುಗಿ ಇದ್ದಾಳೆ.

"ಪವನಾ," ಎಂದರು, "ಇದು..."

"ಹೆಣ್ಣು" ಎಂದರು ಯಾರೋ ಸಂತೋಷದಿಂದ.

ಪರಿಮಳಾ ಸಿಕ್ಕ ಕುರ್ಚಿಯ ಮೇಲೆ ಕುಸಿದಳು. ಅವಳ ಹಿಂದೆಯೇ ಕಾರಿನಿಂದ ಇಳಿದ ಪಾರ್ವತವ್ವ ಸೀದಾ ಬಂದು ತೊಟ್ಟಿಲಲ್ಲಿ ಇಣುಕಿ, "ಮೂಗು ನಮ್ಮ ಮನಿತನದ್ದಲ್ಲ" ಎಂದು ತೀರ್ಪು ಕೊಟ್ಟಳು. ವೆಂಕಮ್ಮ ಓಡಿ ಬಂದು ಕೈಮುಗಿದಳು. "ಬನ್ನಿ, ಬನ್ನಿ. ನಿಮ್ಮ ಹುಡುಗ ಇಲ್ದಿದ್ರೆ ಇವತ್ತು ಇದೆಲ್ಲಾ ಎಲ್ಲಿ ಆಗ್ತಿತ್ತು." ಚಂದ್ರಶೇಖರಪ್ಪ ಚಪ್ಪರದ ಕಂಬ ಹಿಡಿದುಕೊಂಡರು.

ಅಷ್ಟರಲ್ಲಿ ಒಳಗಿಂದ ಬಾಣಂತಿ ಬಂದು ಮಗುವನ್ನು ಎತ್ತಿಕೊಂಡಳು. ಅವಳ ಹಿಂದೆ ಅವಳ ಗಂಡ.

"ಕೂಸು ನಿಮ್ಮದೇನ್ರಿ?" ಎಂದು ಕೇಳಿದರು ಚಂದ್ರಶೇಖರಪ್ಪ.

"ಹೌದು."

"ಖರೇನ?"

ಗಂಡ ಹೆಂಡತಿ ಇಬ್ಬರೂ ಸ್ವಲ್ಪ ಗಾಬರಿಯಿಂದಲೇ ಹೌದೆಂದರು. ಚಂದ್ರಶೇಖರಪ್ಪ ಮಗನ ಕಡೆ ತಿರುಗಿದರು. "ಹಂಗಾರ ನಿಂದು ಏನೂ ಇಲ್ಲೇನ?"

"ಏನಿಲ್ಲಪ್ಪ. ನೌಕರಿ ಇಲ್ಲ, ಅಷ್ಟ."

"ಬರೇ ನೌಕರಿ ಇಲ್ಲ," ಎಂದರು ಚಂದ್ರಶೇಖರಪ್ಪ. "ಅಷ್ಟ." ಇನ್ನೊಮ್ಮೆ ಹೇಳಿದರು, "ಬರೇ ನೌಕರಿ ಇಲ್ಲ." ಹಾಗೆನ್ನುತ್ತ ಅವರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಂಬ ಅಲುಗಿ ಚಪ್ಪರದ ಮಾವಿನೆಲೆ ಉದುರುವ ಹಾಗೆ ನಕ್ಕರು. ನಕ್ಕು ನಕ್ಕು ಒದ್ದೆಯಾದ ಕಣ್ಣನ್ನು ಟವೆಲಿನಿಂದ ಒರೆಸಿಕೊಳ್ಳುವಾಗ ಮಾತ್ರ ಮುಖ ಬೇರೆಯಾಯಿತು. ಮಗನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅಟ್ಟದ ಮ್ಯಾಲ ಭಾಳ ಶಕಿ ಇತ್ತೇನೋ?"

"ಇತ್ತಪ್ಪ" ಎಂದ ಪವನ್.

ತಂದೆ ಅವನ ಭುಜದ ಮೇಲೆ ಕೈ ಇಟ್ಟು ಅಲ್ಲೇ ಇರಿಸಿದರು.

"ಹಾನಗಲ್ಲಿನವರು?" ಎಂದು ಪವನ್ ಕೇಳಿದ.

"ಮನ್ಯಾಗ ಕುಂತಾರ," ಎಂದಳು ಪರಿಮಳಾ ಕುರ್ಚಿಯಿಂದ. "ನಿಮ್ಮವ್ವ ಚಾ ಮ್ಯಾಲ ಚಾ ಕೊಡಾಕತ್ತಾಳ."

ಊಟ ಮಾಡದೆ ಹೋಗಲು ವೆಂಕಮ್ಮ ಬಿಡಲಿಲ್ಲ. ಪವನ್ ಮತ್ತೆ ಬಕೆಟ್ ಹಿಡಿದ, ಭೂಮಿಕಾ ಎಲೆಗಳಿಗೆ ನೀರು ಚಿಮುಕಿಸುತ್ತ ಮುಂದೆ ನಡೆದಳು. ಚಂದ್ರಶೇಖರಪ್ಪನವರ ಪಕ್ಕ ಕೂತಿದ್ದ ಊರ ಹಿರಿಯರೊಬ್ಬರು ಮಾತಿಗೆ ಮಾತು ಬಂದು, "ನಿಮ್ಮ ಮಗ ಎಂತ ಮಾಡ್ತ?" ಎಂದು ಕೇಳಿದರು. ಪವನ್‌ನ ಸೌಟು ನಡುವೆಯೇ ನಿಂತಿತು.

"ಸದ್ಯಕ್ಕ ಬಡಸಾಕತ್ತಾನ್ರಿ," ಎಂದರು ಚಂದ್ರಶೇಖರಪ್ಪ. "ಏ, ಇವರಿಗೆ ಇನ್ನೊಂದೀಟು ಹಾಕೋ."

ಇದಾದ ಮೇಲೆ ಪವನ್‌ಗೆ ನೌಕರಿ ಸಿಕ್ಕಿತು, ಭೂಮಿಕಾ ಸ್ಟುಡಿಯೋ ತೆರೆದಳು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಪವನ್ ಮತ್ತೆ ಪರೀಕ್ಷೆಗೆ ಓದುತ್ತಿದ್ದಾನೆ, ಈಗ ಹೊರಗಿನ ಕಟ್ಟೆಯ ಮೇಲೆ ಕೂತು. ಹೋಗುವವರು ಬರುವವರು ಮಾತಾಡಿಸಿ ಓದಲು ಬಿಡುವುದಿಲ್ಲ ಎಂಬುದು ಅವನ ಹೊಸ ತಕರಾರು. ಭೂಮಿಕಾ ಮದುವೆ ಮನೆಗಳ ಫೋಟೋ ತಿದ್ದಿಕೊಡುವ ಕೆಲಸ ಬಂದಾಗ ಮಾಡುತ್ತಾಳೆ, ಬಾರದಾಗ ಅಮ್ಮನ ಜೊತೆ ಉಂಡು ಮಲಗುತ್ತಾಳೆ.

ಬುಧವಾರ ಮಾತ್ರ ಅವಳು ಬಸ್ಸು ಹತ್ತುತ್ತಾಳೆ. ಅಷ್ಟು ಕಾಲ ಸುತ್ತಿದ್ದವಳಿಗೆ ಎಲ್ಲಿಗೂ ಹೋಗದೆ ಬಸ್ಸಿನಲ್ಲಿ ಕೂರುವವರ ಮುಖ ಗೊತ್ತಾಗುತ್ತದೆ. ಅಂಥವರ ಪಕ್ಕ ಕೂತು ಮಾತಾಡಿಸಿ, ಶಿರಸಿಯ ಕೋಟೆಕೆರೆಯ ದಂಡೆಗೆ ಬನ್ನಿ ಎನ್ನುತ್ತಾಳೆ. ಮೊದಲು ಬಂದವನು ಕಿರವತ್ತಿಯ ಹೊನ್ನ. ಡಾಬಾದ ಕೆಲಸ ಹೋದ ಮೇಲೆ ಕಾಡಿನ ದಾರಿಯ ಬಸ್ಸಿನಲ್ಲಿ ಸುಮ್ಮನೆ ಓಡಾಡುತ್ತಿದ್ದವನು. ಆಮೇಲೆ ಹುಲೇಕಲ್‌ನ ನೇತ್ರಾ. ಅವಳು ಕಾಲೇಜು ಬಿಟ್ಟಾಗಿನಿಂದ ಮನೆಯವರ ಜೊತೆಗೂ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ ಎಂದು ಅವಳ ಊರಿನವರು ಹೇಳಿದ್ದರು. ಮೊದಲ ಬುಧವಾರ ಬಂದು ದೂರದ ಕಲ್ಲಿನ ಮೇಲೆ ಕೂತು ಎದ್ದುಹೋದಳು. ಮುಂದಿನ ವಾರ ಸ್ವಲ್ಪ ಹತ್ತಿರದ ಕಲ್ಲು.

ಅಲ್ಲಿ ಅವರು ಏನು ಮಾಡುತ್ತಾರೆಂದರೆ, ಲಗೋರಿ ಆಡುತ್ತಾರೆ. ಪವನ್ ಹಂಚಿನ ಚೂರು ತರುತ್ತಾನೆ, ಹೊನ್ನ ಚೆಂಡು. ಒಂದು ಬುಧವಾರ ಒಂದು ಕಡೆಗೆ ಆಳು ಕಡಿಮೆಯಾಗಿ ನೇತ್ರಾಳನ್ನು ಎಳೆದುಕೊಂಡರು. ಅವಳು ಬಗ್ಗಿ ಕೊನೆಯ ಚೂರು ಇಡುವಾಗ ಹೊನ್ನ ಚೆಂಡು ಬೀಸಿ, ತಾಗಿತು, ಔಟ್ ಎಂದ.

"ತಾಗಲೇ ಇಲ್ಲ" ಎಂದಳು ನೇತ್ರಾ.

"ಬೆನ್ನಿಗೆ ತಾಗಿದ್ದು ನಾ ಕಂಡಿದ್ದೆ."

"ನಿನ್ನ ಕಣ್ಣು ಯಾವ ಕಡೆ ಇತ್ತು? ನೀ ಚೆಂಡು ಬಿಡೂಕೆ ಮುಂಚೆ ಕಣ್ಣು ಮುಚ್ಚತೆ, ಮೂರು ವಾರದಿಂದ ನೋಡ್ತಾ ಇದ್ದೆ ನಾನು. ಅದು ನನ್ನ ಚೂಡಿಯ ವೇಲಿಗೆ ತಾಗಿದ್ದು. ವೇಲು ಆಟಕ್ಕಿಲ್ಲ. ಆಟಕ್ಕಿದ್ರೆ ನಿನ್ನ ಆ ಜೋತಾಡೂ ಅಂಗೀನೂ ಲೆಕ್ಕ, ಹಂಗಾರೆ ನೀ ಆಗ್ಲೇ ಔಟು."

ಹೊನ್ನ ಪವನ್‌ನ ಮುಖ ನೋಡಿದ. ಪವನ್ ಭೂಮಿಕಾಳ ಮುಖ ನೋಡಿದ. ನೇತ್ರಾ ಸೊಂಟಕ್ಕೆ ಕೈ ಇಟ್ಟು, ಉಸಿರು ತೆಗೆದುಕೊಂಡು, ವೇಲಿನ ವಿಷಯವನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಹುಲೇಕಲ್ ಬಸ್ಸು ಹೊರಡುವ ಹೊತ್ತಾಯಿತು ಎಂದು ಅವಳಿಗೆ ಯಾರೂ ನೆನಪಿಸಲಿಲ್ಲ.